ದುಡ್ಡು ಕೊಟ್ಟು ಮನೆಗೆ ಕಳಿಸುವ ರಜೆ: ಪೈಲಟ್ ಯೂನಿಯನ್ ಮತ್ತು ಮ್ಯಾನೇಜ್‌ಮೆಂಟ್ ನಡುವಿನ ಚೌಕಾಸಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ವಿಮಾನ ಕಂಪನಿಗಳು 2020ರಲ್ಲಿ, ಕೋವಿಡ್ ಹೊತ್ತಿಗೆ, ಪೈಲಟ್‌ಗಳಿಗೆ ಸಂಬಳ ಕೊಟ್ಟು ಮನೆಯಲ್ಲಿ ಕೂರಿಸಿದ ಕಥೆ ಹೇಳಿದಾಗಲೆಲ್ಲ ಎದುರಿನವರು ಒಂದು ಸಲ ನಿಟ್ಟುಸಿರು ಬಿಡುತ್ತಾರೆ. "ಅಂಥ ಪುಣ್ಯ ನಮಗ್ಯಾಕಿಲ್ಲ?" ಆಮೇಲೆ ಪ್ರಶ್ನೆ ಶುರು. ಮದುವೆ ಊಟದ ಪಂಕ್ತಿಯಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಸುಲಭದ್ದು ಮೊದಲು, ಗಂಟು ಗಂಟಾದದ್ದು ಕೊನೆಗೆ.

## ಮೊದಲ ಮೆಟ್ಟಿಲು

ಕೆಲಸ ಮಾಡದೆ ಮನೇಲಿ ಕೂತ್ರೂ ಪೈಲಟ್‌ಗೆ ಸಂಬಳ ಕೊಡ್ತಾರಂತೆ, ನಿಜಾನಾ?

ನಿಜ. ಆದರೆ ಪೂರ್ತಿ ಸಂಬಳ ಅಲ್ಲ, ಎಲ್ಲರಿಗೂ ಅಲ್ಲ, ಎಲ್ಲ ಕಾಲದಲ್ಲೂ ಅಲ್ಲ. ಕಂಪನಿಯ ಹತ್ತಿರ ಹಾರಿಸುವ ಕೆಲಸಕ್ಕಿಂತ ಪೈಲಟ್‌ಗಳು ಜಾಸ್ತಿ ಇದ್ದಾಗ "ಇಷ್ಟು ತಿಂಗಳು ಬರಬೇಡಿ, ಇಷ್ಟು ಕೊಡುತ್ತೇವೆ" ಎಂದು ಕರೆ ಕೊಡುತ್ತದೆ. ಇಷ್ಟ ಇದ್ದವರು ಹೆಸರು ಕೊಡುತ್ತಾರೆ. ಕೆಲವು ರಜೆಗೆ ಸಂಬಳದ ಒಂದು ಪಾಲು ಬರುತ್ತದೆ, ಕೆಲವಕ್ಕೆ ಕಾಸೂ ಇಲ್ಲ, ಕೆಲಸ ಮಾತ್ರ ಉಳಿಯುತ್ತದೆ.

2020ರ ಏಪ್ರಿಲ್ 14ರಂದು ಅಮೆರಿಕದ ಎಲ್ಲ ವಿಮಾನ ನಿಲ್ದಾಣಗಳ ಭದ್ರತಾ ತಪಾಸಣೆ ದಾಟಿದವರು 87,534 ಜನ. ಹಿಂದಿನ ವರ್ಷ ಅದೇ ಹೊತ್ತಿಗೆ ಅದು 22 ಲಕ್ಷದ ಹತ್ತಿರ ಇತ್ತು. ನೂರು ಜನ ಬರುತ್ತಿದ್ದ ಹೋಟೆಲಿಗೆ ನಾಲ್ಕು ಜನ ಬಂದರೆ ಅಡುಗೆಯವರನ್ನೆಲ್ಲ ಏನು ಮಾಡುವುದು? ಪ್ರಶ್ನೆ ಅಷ್ಟು ಸರಳವಾಗಿತ್ತು.

ಈ ರಜೆಗೂ ಫರ್ಲೋಗೂ ಏನು ವ್ಯತ್ಯಾಸ? ಎರಡರಲ್ಲೂ ಮನೇಲೇ ಇರೋದಲ್ವಾ?

ನಮ್ಮಲ್ಲಿ ಫರ್ಲೋ ಅಂದರೆ ಜೈಲಿನ ಸುದ್ದಿ, ಕೈದಿಗೆ ಸಿಗುವ ರಜೆ. ಅಮೆರಿಕದ ಪೈಲಟ್‌ಗೆ ಫರ್ಲೋ ಅಂದರೆ ಕಂಪನಿ ತಾನಾಗಿ ಹೊರಗೆ ಕಳಿಸುವುದು. ಸಂಬಳ ಇಲ್ಲ. ವಾಪಸ್ ಕರೆಯುವ ಪಟ್ಟಿಯಲ್ಲಿ ಹೆಸರು ಇರುತ್ತದೆ, ಯಾವಾಗ ಕರೆಯುತ್ತಾರೆ ಎಂಬುದಕ್ಕೆ ಮಾತ್ರ ಗ್ಯಾರಂಟಿ ಇಲ್ಲ. 2001ರ ದಾಳಿಯ ನಂತರ ಫರ್ಲೋ ಆದ ಕೆಲವರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಾದಿದ್ದಾರೆ. ಆ ನೆನಪು ಪೈಲಟ್ ಮನೆಗಳಲ್ಲಿ ಇನ್ನೂ ಹಸಿಯಾಗಿದೆ.

ಸ್ವಯಂ ರಜೆಯಲ್ಲಿ ಹೋಗುವವನು ತಾನೇ ಕೈ ಎತ್ತುತ್ತಾನೆ. ಎಷ್ಟು ದಿನ, ಎಷ್ಟು ದುಡ್ಡು ಎಂಬುದು ಮೊದಲೇ ಬರವಣಿಗೆಯಲ್ಲಿರುತ್ತದೆ.

ಅಪ್ಪ-ಅಮ್ಮನಿಗೆ ಹುಷಾರಿಲ್ಲ ಅಂತ ಹಾಕೋ ರಜೆ ಇದೇನಾ?

ಅಲ್ಲ, ಅದು ಕಾನೂನು ಕೊಟ್ಟ ಹಕ್ಕು. ಅದರಲ್ಲೂ ಒಂದು ತಮಾಷೆ ಇದೆ. ಅಮೆರಿಕದ ಕುಟುಂಬ ರಜೆ ಕಾನೂನಿಗೆ ವರ್ಷಕ್ಕೆ 1,250 ಗಂಟೆ ಕೆಲಸ ಆಗಿರಬೇಕಿತ್ತು. ಪೈಲಟ್‌ಗಳ ಗಂಟೆ ಎಣಿಸುವ ರೀತಿಯೇ ಬೇರೆ. ವಾರಗಟ್ಟಲೆ ಮನೆ ಬಿಟ್ಟು ಓಡಾಡಿದವರೂ ಕಾಗದದ ಮೇಲೆ ಅರೆಕಾಲಿಕರಾಗಿ ಕಾಣುತ್ತಿದ್ದರು! 2009ರಲ್ಲಿ ಕಾನೂನು ತಿದ್ದಿ ವಿಮಾನ ಸಿಬ್ಬಂದಿಗೆ 504 ಗಂಟೆ ಎಂದು ಮಾಡಿದರು.

ಯೂನಿಯನ್ ಯಾಕೆ ನಡುವೆ ಬರಬೇಕು? ಬೇಕಾದವನು ಹೋಗಿ ಕೇಳಬಾರದಾ?

ಕೇಳಬಾರದು ಎನ್ನುವುದಕ್ಕಿಂತ, ಕಂಪನಿ ಹಾಗೆ ಕೊಡುವಂತಿಲ್ಲ. ಅಮೆರಿಕದಲ್ಲಿ ಪೈಲಟ್‌ಗಳ ಕೆಲಸದ ಷರತ್ತುಗಳೆಲ್ಲ ರೈಲ್ವೆ ಲೇಬರ್ ಆಕ್ಟ್ ಕೆಳಗೆ ಬರುತ್ತವೆ. ಹೆಸರು ರೈಲಿನದ್ದು, 1926ರ ಕಾನೂನು. 1936ರಲ್ಲಿ ವಿಮಾನಗಳನ್ನೂ ಅದಕ್ಕೆ ಸೇರಿಸಿದರು. ಯೂನಿಯನ್ ಇರುವ ಕಡೆ ಸಂಬಳ, ಗಂಟೆ, ರಜೆ ಯಾವುದನ್ನೂ ಒಬ್ಬೊಬ್ಬ ಪೈಲಟ್ ಜೊತೆ ಬೇರೆ ಬೇರೆ ವ್ಯವಹಾರ ಮಾಡಿ ಬದಲಿಸುವಂತಿಲ್ಲ.

ಡೆಲ್ಟಾ ಮತ್ತು ಯುನೈಟೆಡ್ ಪೈಲಟ್‌ಗಳಿಗೆ 1931ರಲ್ಲಿ ಹುಟ್ಟಿದ ಆಲ್ಪಾ ಯೂನಿಯನ್. ಅಮೆರಿಕನ್ ಏರ್‌ಲೈನ್ಸ್‌ನವರಿಗೆ ಎಪಿಎ, ಸೌತ್‌ವೆಸ್ಟ್‌ನವರಿಗೆ ಸ್ವಾಪಾ. ಇವು ಮೂಲ ಒಪ್ಪಂದವನ್ನು ಮುಟ್ಟದೆ, ಅದಕ್ಕೆ ಒಂದು ಪೂರಕ ಪತ್ರ ಸೇರಿಸುತ್ತವೆ. ರಜೆಯ ಷರತ್ತೆಲ್ಲ ಆ ಪತ್ರದಲ್ಲೇ ಇರುತ್ತದೆ.

## ದುಡ್ಡಿನ ಲೆಕ್ಕ

ಅರ್ಧ ಸಂಬಳ ಅಂದ್ರೆ ಯಾವುದರ ಅರ್ಧ?

ಇದನ್ನು ಕೇಳುವವರು ಕಡಿಮೆ, ಕೇಳಿದವರು ಜಾಣರು. ಅಮೆರಿಕದ ಪೈಲಟ್‌ಗೆ ಸಂಬಳ ಗಂಟೆ ಲೆಕ್ಕ. ವಿಮಾನ ಜಾಗ ಬಿಟ್ಟು ಹೊರಟಾಗ ಗಡಿಯಾರ ಶುರು, ಇನ್ನೊಂದು ಊರಲ್ಲಿ ನಿಂತಾಗ ಬಂದ್. ಕೆಲಸ ಕಡಿಮೆಯಾದರೂ ತಿಂಗಳಿಗೆ ಇಷ್ಟು ಗಂಟೆಯ ದುಡ್ಡು ಖಾತ್ರಿ ಎಂದು ಒಪ್ಪಂದದಲ್ಲಿರುತ್ತದೆ. ಸಾಮಾನ್ಯವಾಗಿ ಅದು 70-75 ಗಂಟೆಯ ಆಸುಪಾಸು.

ಸುಮ್ನೆ ಲೆಕ್ಕಕ್ಕೆ ಗಂಟೆಗೆ 200 ಡಾಲರ್ ಇಟ್ಟುಕೊಳ್ಳಿ. ಖಾತ್ರಿ 75 ಗಂಟೆ, ಅಂದರೆ 15,000 ಡಾಲರ್. ಆದರೆ ಆ ಪೈಲಟ್ ಹೆಚ್ಚುವರಿ ಟ್ರಿಪ್ ಹಿಡಿದು ತಿಂಗಳಿಗೆ 90 ಗಂಟೆ ಹಾರಿಸುತ್ತಿದ್ದ, 18,000 ತರುತ್ತಿದ್ದ. ಈಗ "ಅರ್ಧ ಸಂಬಳದ ರಜೆ" ಬಂತು. ಕಂಪನಿ ಲೆಕ್ಕ ಹಾಕುವುದು ಖಾತ್ರಿಯ ಮೇಲೆ: 7,500. ಅವನ ನಿಜವಾದ ಆದಾಯದಲ್ಲಿ ಅದು ಸುಮಾರು 42 ಪರ್ಸೆಂಟ್. ಹೊರಗೆ ಇದ್ದಾಗ ಸಿಗುತ್ತಿದ್ದ ಊಟದ ಭತ್ಯೆಯೂ ಇಲ್ಲ. ಹಾಗಾಗಿ ಮಾತುಕತೆಯ ಮೇಜಿನ ಮೇಲೆ "ಎಷ್ಟು ಪರ್ಸೆಂಟ್" ಎಂಬ ಪ್ರಶ್ನೆಗಿಂತ "ಯಾವುದರ ಪರ್ಸೆಂಟ್" ಎಂಬುದಕ್ಕೆ ಜಾಸ್ತಿ ಹೊತ್ತು ಹೋಗುತ್ತದೆ.

ಇನ್ಶೂರೆನ್ಸ್, ಪಿಂಚಣಿ ಎಲ್ಲ ನಿಂತುಹೋಗುತ್ತಾ?

ಅಮೆರಿಕದಲ್ಲಿ ಬಹಳಷ್ಟು ಜನರ ಆಸ್ಪತ್ರೆ ವಿಮೆ ಕೆಲಸದ ಜೊತೆಗೇ ಬರುವುದು. ಕೆಲಸ ಹೋದರೆ ಮಗುವಿನ ಜ್ವರಕ್ಕೂ ದುಬಾರಿ ಬಿಲ್ಲು. ಅದಕ್ಕೇ ಯೂನಿಯನ್ ಮೊದಲು ಹಿಡಿದುಕೊಳ್ಳುವ ಷರತ್ತು ಇದು: ರಜೆಯಲ್ಲೂ ನೌಕರನ ದರದಲ್ಲೇ ವಿಮೆ ಸಿಗಬೇಕು. ನಿವೃತ್ತಿ ಖಾತೆಗೆ ಕಂಪನಿ ಹಾಕುವ ಹಣ ಸಂಬಳದ ಇಂತಿಷ್ಟು ಪರ್ಸೆಂಟ್ ಆಗಿರುವುದರಿಂದ, ಸಂಬಳ ಅರ್ಧವಾದರೆ ಅದೂ ಅರ್ಧ. ಸಿಬ್ಬಂದಿಗೆ ಸಿಗುವ ಉಚಿತ ಪ್ರಯಾಣದ ಸೌಲಭ್ಯವನ್ನು ಸಾಧಾರಣವಾಗಿ ಉಳಿಸಿಕೊಳ್ಳುತ್ತಾರೆ. ಖಾಲಿ ಸೀಟು ಇದ್ದರೆ ತಾನೇ ಹತ್ತುವುದು, ಕಂಪನಿಗೆ ಅದರಲ್ಲಿ ಹೋಗುವುದೇನೂ ಇಲ್ಲ.

ರಜೆಯಲ್ಲಿ ಬೇರೆ ಕಡೆ ದುಡಿಯಬಹುದಾ?

ಅಂಗಡಿ ಇಡಿ, ಮನೆ ಮಾರಿಸಿ, ಪಾಠ ಹೇಳಿ, ಯಾರೂ ಕೇಳುವುದಿಲ್ಲ. ಬೇರೆ ಕಂಪನಿಯ ವಿಮಾನ ಹಾರಿಸುವುದಕ್ಕೆ ಮಾತ್ರ ಅನುಮತಿ ಬೇಕಾಗುತ್ತದೆ, ಕೆಲವು ಪತ್ರಗಳಲ್ಲಿ ಅದು ಪೂರಾ ಬಂದ್.

## ಒಳಗಿನ ವ್ಯವಹಾರ

ಸೀನಿಯಾರಿಟಿ ಸೀನಿಯಾರಿಟಿ ಅಂತ ಯಾಕಿಷ್ಟು ಬಡ್ಕೋತಾರೆ?

ಅವರ ಬದುಕು ನಿಂತಿರುವುದೇ ಆ ಒಂದು ನಂಬರಿನ ಮೇಲೆ. ಕಂಪನಿ ಸೇರಿದ ದಿನದಿಂದ ಪೈಲಟ್‌ಗೆ ಪಟ್ಟಿಯಲ್ಲಿ ಒಂದು ಸ್ಥಾನ ಬರುತ್ತದೆ. ಯಾವ ಊರಿನಿಂದ ಹಾರಬೇಕು, ಯಾವ ವಿಮಾನ, ಎಡಗಡೆಯ ಕ್ಯಾಪ್ಟನ್ ಸೀಟೋ ಬಲಗಡೆಯ ಸಹ-ಪೈಲಟ್ ಸೀಟೋ, ಕ್ರಿಸ್‌ಮಸ್‌ಗೆ ಮನೆಯಲ್ಲಿರುತ್ತಾನೋ ಯಾವುದೋ ಹೋಟೆಲಿನಲ್ಲೋ, ಎಲ್ಲವನ್ನೂ ಆ ನಂಬರೇ ತೀರ್ಮಾನಿಸುತ್ತದೆ. ಇಪ್ಪತ್ತು ವರ್ಷ ಕ್ಯಾಪ್ಟನ್ ಆಗಿದ್ದವನು ಇನ್ನೊಂದು ಕಂಪನಿಗೆ ಹೋದರೆ ಅಲ್ಲಿ ಕೊನೆಯ ನಂಬರು. ನೆನ್ನೆ ಮೊನ್ನೆ ಸೇರಿದ ಹುಡುಗನ ಹಿಂದೆ ನಿಲ್ಲಬೇಕು.

ಆದ್ದರಿಂದ ರಜೆಯಲ್ಲಿದ್ದಷ್ಟು ದಿನವೂ ನಂಬರು ಓಡುತ್ತಿರಬೇಕು, ಸಂಬಳದ ವರ್ಷಗಳ ಎಣಿಕೆಯೂ ಮುಂದುವರಿಯಬೇಕು ಎಂದು ಯೂನಿಯನ್ ಹಟ ಹಿಡಿಯುತ್ತದೆ. ದುಡ್ಡಿನಲ್ಲಿ ಒಂದೆರಡು ಪರ್ಸೆಂಟ್ ಬಿಟ್ಟುಕೊಟ್ಟಾರು, ಇದನ್ನು ಬಿಡುವುದಿಲ್ಲ.

ಕಷ್ಟ ಅಂದ್ರೆ ಜೂನಿಯರ್‌ಗಳನ್ನ ತೆಗೆದರಾಯ್ತಲ್ಲ? ಹಿರಿಯರಿಗೆ ದುಡ್ಡು ಕೊಟ್ಟು ಯಾಕೆ ಕೂರಿಸಬೇಕು?

ಇಡೀ ವಿಷಯದ ಕೀಲಿ ಇಲ್ಲಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೆಎಸ್‌ಆರ್‌ಟಿಸಿ ಡ್ರೈವರ್ ಇವತ್ತು ರಾಜಹಂಸ ಓಡಿಸಿ ನಾಳೆ ಕೆಂಪು ಬಸ್ಸು ಹತ್ತಬಹುದು. ಪೈಲಟ್‌ಗೆ ಅದು ಆಗದು. ದೊಡ್ಡ ಜೆಟ್ ವಿಮಾನಗಳಲ್ಲಿ ಒಂದೊಂದು ಮಾದರಿಗೂ ಬೇರೆ ಅರ್ಹತೆ ಬೇಕು, ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಮಾದರಿ ಹಾರಿಸುತ್ತಾರೆ.

ಡೆಲ್ಟಾ 2020ರ ಅಕ್ಟೋಬರ್ ಕೊನೆಗೆ ತನ್ನ 18 ಬೋಯಿಂಗ್ 777 ವಿಮಾನಗಳನ್ನು ಪೂರ್ತಿ ನಿಲ್ಲಿಸಿತು. ಅವುಗಳ ಕ್ಯಾಪ್ಟನ್‌ಗಳು ಪಟ್ಟಿಯ ಮೇಲ್ತುದಿಯ ಜನ. ಪಟ್ಟಿಯ ನಿಯಮದಂತೆ ಮೊದಲು ಹೋಗಬೇಕಾದವರು ಬುಡದಲ್ಲಿರುವವರು, ಸಣ್ಣ ವಿಮಾನದ ಬಲಗಡೆ ಸೀಟಿನವರು. ಅವರನ್ನು ಕಳಿಸಿದರೆ ಆ ಸಣ್ಣ ವಿಮಾನಕ್ಕೆ ಪೈಲಟ್ ಇಲ್ಲ. 777 ಕ್ಯಾಪ್ಟನ್ ಕೆಲಸವಿಲ್ಲದೆ ನಿಂತಿದ್ದಾನೆ. ಅವನು ತನ್ನ ನಂಬರು ಹಿಡಿದುಕೊಂಡು ಇನ್ನೊಂದು ವಿಮಾನಕ್ಕೆ ಇಳಿಯುತ್ತಾನೆ, ಅಲ್ಲಿದ್ದವನನ್ನು ಕೆಳಗೆ ತಳ್ಳುತ್ತಾನೆ. ಅವನು ಮತ್ತೊಬ್ಬನನ್ನು. ಹೀಗೆ ಒಂದು ಕುರ್ಚಿ ಹೋದದ್ದಕ್ಕೆ ನಾಲ್ಕೈದು ಜನ ಹೊಸ ವಿಮಾನ ಕಲಿಯಬೇಕು. ಒಬ್ಬೊಬ್ಬರಿಗೂ ವಾರಗಟ್ಟಲೆ ತರಗತಿ, ಆಮೇಲೆ ನೆಲದ ಮೇಲೇ ಹಾರಾಟ ಅಭ್ಯಾಸ ಮಾಡಿಸುವ ಸಿಮ್ಯುಲೇಟರ್, ಆಮೇಲೆ ತರಬೇತಿ ಕ್ಯಾಪ್ಟನ್ ಪಕ್ಕದಲ್ಲಿ ಕೂತು ನಿಜವಾದ ಹಾರಾಟ. ಅಷ್ಟು ದಿನ ಸಂಬಳ ಕೊಡಬೇಕು, ಹಾರಾಟ ಮಾತ್ರ ಸಿಗುವುದಿಲ್ಲ.

ಸಿಮ್ಯುಲೇಟರ್‌ಗಳ ಸಂಖ್ಯೆಯೂ ಸೀಮಿತ. ಆರು ಕಾಲುಗಳ ಮೇಲೆ ನಿಂತ, ಮನೆಯಷ್ಟು ಎತ್ತರದ ಆ ಪೆಟ್ಟಿಗೆ ರಾತ್ರಿ ಎರಡು ಗಂಟೆಗೂ ಅಲ್ಲಾಡುತ್ತಿರುತ್ತದೆ. ಒಳಗೆ ಬೆವರು ಒರೆಸಿಕೊಳ್ಳುತ್ತಾ ಇಬ್ಬರು, ಹಿಂದೆ ಇಂಜಿನ್ನಿಗೆ ಬೆಂಕಿ ಹಚ್ಚುವ ಗುಂಡಿ ಒತ್ತುತ್ತಾ ಒಬ್ಬ ಇನ್‌ಸ್ಟ್ರಕ್ಟರ್. ಆ ಯಂತ್ರದ ಸರದಿ ತುಂಬಿತೆಂದರೆ ಎಷ್ಟು ದುಡ್ಡಿದ್ದರೂ ಪೈಲಟ್ ಬೇಗ ತಯಾರಾಗುವುದಿಲ್ಲ.

ಈಗ ಅದೇ 777 ಕ್ಯಾಪ್ಟನ್ ಅರ್ಧ ದುಡ್ಡಿಗೆ ಮನೆಗೆ ಹೋಗಲು ಒಪ್ಪಿದ ಎನ್ನಿ. ತಳ್ಳಾಟವೇ ಇಲ್ಲ. ಬುಡದ ಹುಡುಗ ತನ್ನ ಸೀಟಿನಲ್ಲೇ ಇರುತ್ತಾನೆ. ಕಂಪನಿಗೆ ಅತಿ ದುಬಾರಿ ಸಂಬಳದಲ್ಲಿ ಅರ್ಧ ಉಳಿಯಿತು, ತರಬೇತಿ ಖರ್ಚು ತಪ್ಪಿತು. ಹಿರಿಯರ ಮೇಲಿನ ಪ್ರೀತಿಯಿಂದ ಯಾವ ಮ್ಯಾನೇಜ್‌ಮೆಂಟೂ ಈ ರಜೆ ಕೊಡುವುದಿಲ್ಲ. ಯೂನಿಯನ್ ಬಲವೂ ಇದೇ ಲೆಕ್ಕದಲ್ಲಿದೆ.

2020ರಲ್ಲಿ ಯಾವ ಕಂಪನಿ ಏನು ಮಾಡ್ತು?

ಮಾರ್ಚ್ 27ರಂದು ಸಹಿಯಾದ ಕೋವಿಡ್ ನೆರವಿನ ಕಾನೂನು, ಕೇರ್ಸ್ ಆಕ್ಟ್, ಪ್ರಯಾಣಿಕ ವಿಮಾನ ಕಂಪನಿಗಳಿಗೆ ಸಂಬಳಕ್ಕೆಂದೇ 2,500 ಕೋಟಿ ಡಾಲರ್ ಇಟ್ಟಿತು. ಷರತ್ತು: ಸೆಪ್ಟೆಂಬರ್ 30ರವರೆಗೆ ಯಾರನ್ನೂ ಬಲವಂತವಾಗಿ ಹೊರಗೆ ಹಾಕುವಂತಿಲ್ಲ. ಸ್ವಂತ ಇಚ್ಛೆಯಿಂದ ಹೋಗುವವರಿಗೆ ಅಡ್ಡಿ ಇರಲಿಲ್ಲ. ರಜೆ ಮಾತುಕತೆಗೆ ಬಿಸಿ ಹತ್ತಿದ್ದು ಹೀಗೆ, ಅಕ್ಟೋಬರ್ 1 ಹತ್ತಿರ ಬಂದಷ್ಟೂ ಬಿಸಿ ಜಾಸ್ತಿ.

ಸೌತ್‌ವೆಸ್ಟ್ ಎರಡು ಬಾಗಿಲು ತೆರೆಯಿತು, ಒಂದು ಕೆಲಸ ಬಿಟ್ಟು ಹೋಗಲು, ಇನ್ನೊಂದು ದೀರ್ಘ ರಜೆಗೆ. ಪೈಲಟ್‌ಗಳಿಗೆ ರಜೆ 5 ವರ್ಷದವರೆಗೂ ಇತ್ತು. ಎಲ್ಲ ವಿಭಾಗ ಸೇರಿ ಸುಮಾರು 17,000 ಜನ, ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ, ಕೈ ಎತ್ತಿದರು. ಡೆಲ್ಟಾದಲ್ಲಿ 1,800ಕ್ಕೂ ಹೆಚ್ಚು ಪೈಲಟ್‌ಗಳು ಅವಧಿಗೆ ಮುನ್ನ ನಿವೃತ್ತಿ ತೆಗೆದುಕೊಂಡರು. ಆಮೇಲೂ 1,941 ಪೈಲಟ್‌ಗಳ ಫರ್ಲೋ ತೂಗುಗತ್ತಿಯಂತೆ ನೇತಾಡುತ್ತಿತ್ತು. ನವೆಂಬರಿನಲ್ಲಿ ಖಾತ್ರಿ ಗಂಟೆಗಳನ್ನು 5 ಪರ್ಸೆಂಟ್‌ವರೆಗೆ ಇಳಿಸಲು ಪೈಲಟ್‌ಗಳು ಮತ ಹಾಕಿ ಒಪ್ಪಿದ ಮೇಲೆ ಅದು ತಪ್ಪಿತು. ಯುನೈಟೆಡ್‌ನಲ್ಲಿ 2,850 ಪೈಲಟ್‌ಗಳ ಕೆಲಸ ಇದೇ ಥರದ ಒಪ್ಪಂದದಿಂದ ಉಳಿಯಿತು. ಅಮೆರಿಕನ್‌ನಲ್ಲಿ ಮಾತ್ರ ಅಕ್ಟೋಬರ್ 1ಕ್ಕೆ ಸುಮಾರು 1,600 ಪೈಲಟ್‌ಗಳು ಹೊರಗೆ ಹೋದರು. ಡಿಸೆಂಬರ್ ಕೊನೆಯ ಎರಡನೇ ನೆರವಿನ ಕಾನೂನು ಅವರನ್ನು ವಾಪಸ್ ತಂದಿತು.

ಯೂನಿಯನ್ ಒಪ್ಪಂದ ತಂದ್ರೂ ಸದಸ್ಯರೇ ಬೈತಾರಲ್ಲ?

ಯುನೈಟೆಡ್ ಒಪ್ಪಂದಕ್ಕೆ ಸಿಕ್ಕ ಮತ 58 ಪರ್ಸೆಂಟ್. ಅಂದರೆ ಹತ್ತರಲ್ಲಿ ನಾಲ್ವರು ಬೇಡ ಎಂದರು. ಅವರದ್ದೂ ಸುಳ್ಳು ವಾದವಲ್ಲ. ಮೂವತ್ತು ವರ್ಷ ದುಡಿದು ಮೇಲೆ ಬಂದವನಿಗೆ, ನಿವೃತ್ತಿಗೆ ಎರಡು ವರ್ಷ ಇರುವಾಗ, "ಹುಡುಗರಿಗೋಸ್ಕರ ನಿನ್ನ ಗಂಟೆ ಬಿಡು" ಎಂದರೆ ಕಷ್ಟ. 65ಕ್ಕೆ ಕಡ್ಡಾಯ ನಿವೃತ್ತಿ, ಕಳೆದ ಗಂಟೆ ಮತ್ತೆ ಬರುವುದಿಲ್ಲ. ತಾನೂ ಹಿಂದೊಮ್ಮೆ ಫರ್ಲೋ ಆಗಿದ್ದೆ, ಆಗ ಯಾರು ಬಿಟ್ಟುಕೊಟ್ಟರು ಎಂಬ ಸಿಟ್ಟು ಬೇರೆ.

ಸ್ವಯಂ ರಜೆಯ ಗುಣ ಇಲ್ಲಿ ಕಾಣುತ್ತದೆ. ಗಂಟೆ ಇಳಿಸಿದರೆ ಎಲ್ಲರ ಜೇಬಿಗೂ ಕತ್ತರಿ. ರಜೆ ಬೇಕಾದವನ ಜೇಬಿಗೆ ಮಾತ್ರ. ಹಾಗಾಗಿ ಯೂನಿಯನ್ ಮೊದಲು ರಜೆ, ಆಮೇಲೆ ಬೇಗ ನಿವೃತ್ತಿ, ಏನೂ ಸಾಲದಿದ್ದರೆ ಗಂಟೆ ಎಂಬ ಸಾಲಿನಲ್ಲಿ ಹೋದರೆ ಒಳಜಗಳ ಕಡಿಮೆ ಎಂಬುದು ನನ್ನ ಅನಿಸಿಕೆ.

## ಕಸುಬು ಬಲ್ಲವರು ಕೇಳುವಂಥವು

ರಜೆ ಮುಗಿದ ಮಾರನೇ ದಿನ ಡ್ಯೂಟಿಗೆ ಹೋಗಬಹುದಾ?

ಸಣ್ಣ ರಜೆಯಾದರೆ ಹೋಗಬಹುದು. 90 ದಿನದಲ್ಲಿ ಮೂರು ಸಲವಾದರೂ ಏರಿಸಿ ಇಳಿಸಿರಬೇಕು ಎಂಬ ನಿಯಮ ಇದೆ. ತಪ್ಪಿದರೆ ಮೊದಲು ಸಿಮ್ಯುಲೇಟರ್. ರಜೆ ವರ್ಷ ದಾಟಿದರೆ ತರಗತಿಯಿಂದಲೇ ಶುರು. 40 ದಾಟಿದ ಕ್ಯಾಪ್ಟನ್‌ಗೆ ಪ್ರತಿ 6 ತಿಂಗಳಿಗೂ ವೈದ್ಯಕೀಯ ತಪಾಸಣೆ ಬೇಕು. ರಜೆಯಲ್ಲೂ ಅದನ್ನು ಮಾಡಿಸುತ್ತಿರಬೇಕಾ, ಆ ಖರ್ಚು ಯಾರದ್ದು ಎಂದು ಪತ್ರದಲ್ಲಿ ಬರೆದಿಲ್ಲದಿದ್ದರೆ ಜಗಳ ಖಂಡಿತ.

ಐದು ವರ್ಷದ ರಜೆ ಕೊಟ್ಟು ಒಂದೇ ವರ್ಷಕ್ಕೆ ವಾಪಸ್ ಬಾ ಅನ್ನಬಹುದಾ?

ಪತ್ರದಲ್ಲಿ ಆ ಹಕ್ಕು ಕಂಪನಿಗೆ ಇದ್ದರೆ, ಅನ್ನಬಹುದು. ನನ್ನನ್ನು ಕೇಳಿದರೆ ಇಡೀ ಒಪ್ಪಂದದಲ್ಲಿ ಮೊದಲು ಓದಬೇಕಾದ ಸಾಲು ಇದೇ. ದುಡ್ಡಿನ ಪರ್ಸೆಂಟ್ ನೋಡಿ ಸಹಿ ಹಾಕುವವರೇ ಜಾಸ್ತಿ.

ಸೌತ್‌ವೆಸ್ಟ್ ಕಥೆ ನೋಡಿ. 2021ರ ಆರಂಭದಲ್ಲಿ ಪ್ರಯಾಣಿಕರು ನಿರೀಕ್ಷೆಗಿಂತ ಬೇಗ ಮರಳಿದರು. ಕಂಪನಿ ಮೊದಲು 209 ಪೈಲಟ್‌ಗಳನ್ನು ರಜೆಯಿಂದ ಕರೆಯಿತು, ಆಮೇಲೆ ಜೂನ್ 1ಕ್ಕೆ ಬನ್ನಿ ಎಂದು ಇನ್ನೂ 382 ಮಂದಿಯನ್ನು. ದೀರ್ಘ ರಜೆ ಎಂದು ಹೊಲ ಕೊಂಡವನು, ಊರು ಬದಲಿಸಿದವನು, ಮಕ್ಕಳನ್ನು ಬೇರೆ ಶಾಲೆಗೆ ಹಾಕಿದವನು ಏನು ಮಾಡಬೇಕು?

ಅದಕ್ಕೇ ಯೂನಿಯನ್ ವಕೀಲರು ಇಲ್ಲಿ ಸಣ್ಣ ಸಣ್ಣ ಪದಕ್ಕೂ ಜಗ್ಗಾಡುತ್ತಾರೆ. ಎಷ್ಟು ದಿನ ಮುಂಚೆ ನೋಟಿಸ್? ಬರಲು ಇಷ್ಟ ಇರುವವರನ್ನು ಮೊದಲು ಕೇಳಿ, ಸಾಲದಿದ್ದರೆ ಮಾತ್ರ ಒತ್ತಾಯವಾ? ಒತ್ತಾಯ ಬಂದರೆ ಪಟ್ಟಿಯ ಬುಡದಿಂದಲೋ ತುದಿಯಿಂದಲೋ? ಪೈಲಟ್ ತಾನೇ ಬೇಗ ಬರುತ್ತೇನೆ ಎಂದರೆ ಸೇರಿಸಿಕೊಳ್ಳುತ್ತಾರಾ? ಈ ಕೊನೆಯದು ಬಹಳ ಕಡೆ ಒಮ್ಮುಖ ರಸ್ತೆ. ಕಂಪನಿ ಕರೆದರೆ ಬರಬೇಕು, ನೀವು ಬರುತ್ತೇನೆಂದರೆ ಕಾಯಬೇಕು.

ಕೊನೆಗೆ ಲಾಭ ಯಾರಿಗಾಯ್ತು?

ಬೇಗ ಜನ ಕಳಿಸಿದ್ದಕ್ಕೆ ಕಂಪನಿಗಳೂ ಬೆಲೆ ತೆತ್ತವು. 2020ರ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಡೆಲ್ಟಾ ನೂರಾರು ವಿಮಾನ ರದ್ದು ಮಾಡಿತು. 2021ರ ಏಪ್ರಿಲ್ 4, ಈಸ್ಟರ್ ಭಾನುವಾರ, ಮತ್ತೆ ಸುಮಾರು 100. ವಿಮಾನ ಇತ್ತು, ಜನ ಇದ್ದರು, ಹೊಸ ಮಾದರಿ ಕಲಿತು ತಯಾರಾದ ಪೈಲಟ್‌ಗಳು ಸಾಲಲಿಲ್ಲ.

ಆ ಕೊರತೆಯೇ ಮುಂದಿನ ಮಾತುಕತೆಯಲ್ಲಿ ಯೂನಿಯನ್ ಕೈಗೆ ಸಿಕ್ಕ ದೊಣ್ಣೆ. 2020ರ ಅಕ್ಟೋಬರಿನಲ್ಲಿ ಸೌತ್‌ವೆಸ್ಟ್ ಸಂಬಳ 10 ಪರ್ಸೆಂಟ್ ಇಳಿಸಿ ಎಂದು ಯೂನಿಯನ್‌ಗಳನ್ನು ಕೇಳಿತ್ತು. ಒಪ್ಪದಿದ್ದಾಗ ಡಿಸೆಂಬರಿನಲ್ಲಿ 1,221 ಪೈಲಟ್‌ಗಳೂ ಸೇರಿ 6,828 ಜನರಿಗೆ ಫರ್ಲೋ ಎಚ್ಚರಿಕೆ ಕೊಟ್ಟಿತ್ತು. ನೆರವಿನ ಹಣ ಬಂದ ಮೇಲೆ ಅದನ್ನು ಹಿಂದೆ ತೆಗೆದುಕೊಂಡಿತು. ಅದೇ ಕಂಪನಿಯ ಪೈಲಟ್‌ಗಳು 2024ರ ಜನವರಿಯಲ್ಲಿ ಒಪ್ಪಿದ ಕರಾರಿನಲ್ಲಿ ಸಂಬಳ ಹಂತ ಹಂತವಾಗಿ ಸುಮಾರು 50 ಪರ್ಸೆಂಟ್ ಏರುತ್ತದೆ. ಡೆಲ್ಟಾದವರು 2023ರಲ್ಲೇ 34 ಪರ್ಸೆಂಟ್ ಏರಿಕೆಗೆ ಸಹಿ ಹಾಕಿದ್ದರು.

ಕೋವಿಡ್ ಮುಗೀತಲ್ಲ, ಈಗ ಇದೆಲ್ಲ ಹಳೇ ಕಥೆ ಅಲ್ವಾ?

2024ರಲ್ಲಿ ಬೋಯಿಂಗ್ ಹೊಸ ವಿಮಾನಗಳನ್ನು ಹೊತ್ತಿಗೆ ಕೊಡಲಿಲ್ಲ. ಯುನೈಟೆಡ್ ಮೇ ತಿಂಗಳಲ್ಲಿ ಸಂಬಳವಿಲ್ಲದ ಸ್ವಯಂ ರಜೆ ತೆಗೆದುಕೊಳ್ಳಿ ಎಂದು ಪೈಲಟ್‌ಗಳನ್ನು ಕೇಳಿತು. ಪ್ರಯಾಣಿಕರು ತುಂಬಿದ್ದರು, ಪೈಲಟ್‌ಗಳೂ ಇದ್ದರು, ವಿಮಾನ ಇರಲಿಲ್ಲ.

ನಮ್ಮ ದೇಶದಲ್ಲಿ ಹೀಗೆ ಕೂತು ಮಾತಾಡಿದ್ದುಂಟಾ?

ಮಾತಿಗಿಂತ ಆದೇಶವೇ ಜಾಸ್ತಿ. 2020ರ ಮೇ ತಿಂಗಳಿಂದ ಇಂಡಿಗೋ ಸಂಬಳವಿಲ್ಲದ ರಜೆ ಜಾರಿ ಮಾಡಿತು. ಪೈಲಟ್‌ಗಳಿಗೆ ಆ ರಜೆ ಆಮೇಲೆ ಇನ್ನೂ ಹೆಚ್ಚಾಯಿತು. ಏರ್ ಇಂಡಿಯಾ ಅದೇ ಜುಲೈನಲ್ಲಿ ಒಂದು ಯೋಜನೆ ತಂದಿತು. ಬೇಕಾದವರು ಅರ್ಜಿ ಹಾಕಬಹುದು, ಜೊತೆಗೆ ಕಂಪನಿಯೇ ಆರಿಸಿ 6 ತಿಂಗಳಿಂದ 5 ವರ್ಷದವರೆಗೆ ಸಂಬಳವಿಲ್ಲದೆ ಕಳಿಸಬಹುದು. ಪೈಲಟ್‌ಗಳ ಎರಡು ಸಂಘಗಳು, ಐಸಿಪಿಎ ಮತ್ತು ಐಪಿಜಿ, ವಿರೋಧಿಸಿದವು. ಬಲವಂತಕ್ಕೆ ರಜೆ ಎಂದು ಹೆಸರಿಟ್ಟರೆ ಅದು ಸ್ವಯಂ ಆಗುತ್ತದಾ?

ರಜೆಯ ಹೆಸರಿನ ಜಗಳ 2025ರಲ್ಲೂ ಬಂತು. ಪೈಲಟ್‌ಗಳ ಕಡ್ಡಾಯ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ಪೈಲಟ್ ಹಾಕಿದ ರಜೆಯನ್ನು ಆ ವಿಶ್ರಾಂತಿಯ ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂದು ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಹೇಳಿತ್ತು. ಡಿಸೆಂಬರಿನಲ್ಲಿ ಇಂಡಿಗೋ ವಿಮಾನಗಳು ಸಾಲು ಸಾಲಾಗಿ ರದ್ದಾಗಿ, ಕೆಂಪೇಗೌಡ ನಿಲ್ದಾಣದಲ್ಲಿ ಜನ ಸೂಟ್‌ಕೇಸ್ ಮೇಲೆ ಕೂತಿದ್ದ ದಿನಗಳಲ್ಲಿ, 5ನೇ ತಾರೀಖು ಡಿಜಿಸಿಎ ಆ ಸಾಲನ್ನು ಹಿಂದೆ ತೆಗೆದುಕೊಂಡಿತು. ಪೈಲಟ್ ಸಂಘಗಳು ಸಿಟ್ಟಾದವು. ಒಂದು ದಿನ ರಜೆಯೋ ವಿಶ್ರಾಂತಿಯೋ ಎನ್ನುವುದರ ಮೇಲೆ ಎಷ್ಟು ಪೈಲಟ್ ಬೇಕು ಎನ್ನುವುದು ನಿಂತಿದೆ ನೋಡಿ.

ನನ್ನ ಅಳಿಯ ಅಮೆರಿಕದಲ್ಲಿ ಪೈಲಟ್. ಇಂಥ ರಜೆ ಬಂದ್ರೆ ಅವನಿಗೆ ಏನು ಹೇಳಲಿ?

ಅಳಿಯಂದ್ರಿಗೆ ಬುದ್ಧಿ ಹೇಳುವುದು ಕಷ್ಟ, ಆದರೂ ಕೇಳಿದಿರಿ. ವಾಪಸ್ ಕರೆಯುವ ಸಾಲು ಓದಲಿ. ವಿಮೆ ಯಾವ ದರದಲ್ಲಿ ಎಂದು ನೋಡಲಿ. ಖಾತ್ರಿ ಗಂಟೆಯ ಮೇಲೆ ಲೆಕ್ಕ ಹಾಕಿ ಕೈಗೆ ಬರುವುದೆಷ್ಟು ಎಂದು ಮಗಳ ಜೊತೆ ಕೂತು ಬರೆದು ನೋಡಲಿ. ಹೆಸರು ಕೊಟ್ಟ ತಕ್ಷಣ ಸಿಕ್ಕೇ ಸಿಗುತ್ತದೆ ಎಂದುಕೊಳ್ಳಬಾರದು. ಯಾವ ಊರಿನ, ಯಾವ ವಿಮಾನದ, ಯಾವ ಸೀಟಿನವರಿಗೆ ಎಷ್ಟು ರಜೆ ಎಂದು ಕಂಪನಿ ಮೊದಲೇ ಲೆಕ್ಕ ಇಟ್ಟಿರುತ್ತದೆ, ಕೇಳಿದವರು ಜಾಸ್ತಿಯಾದರೆ ಹಿರಿಯನಿಗೆ ಮೊದಲು. ಇನ್ನೊಂದು, ಅರ್ಜಿ ಮುಚ್ಚುವ ಗಂಟೆ ಸಾಮಾನ್ಯವಾಗಿ ಕಂಪನಿಯ ಮುಖ್ಯ ಕಚೇರಿ ಇರುವ ಊರಿನ ಗಡಿಯಾರದ್ದು. ಕ್ಯಾಲಿಫೋರ್ನಿಯಾದಲ್ಲಿ ಮನೆ ಇದ್ದು ಕಚೇರಿ ಡಲ್ಲಾಸ್‌ನಲ್ಲಿದ್ದರೆ ಎರಡು ಗಂಟೆ ಮೊದಲೇ ಬಾಗಿಲು ಮುಚ್ಚಿರುತ್ತದೆ.